ದಾರಿಗನ್ನಡಿಯ ಬಿಳಿ ಜಾಗ

“ಮೃಗಾವಳಿಯ ಸಮಸ್ತ ಪ್ರಜೆಗಳೇ, ಕೇಳಿ! ಅರಸರಾದ ಉತ್ತುಂಗವರ್ಮರು ಅಂಗೈಯಗಲದ ಹೊಸ ದಾರಿಗನ್ನಡಿಯೊಂದನ್ನು ಮಾಡಿಸಿದ್ದಾರೆ. ಅದರ ವಿಷಯವಾಗಿ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕನ್ನಡಿ, ಜೊತೆಗೆ ಕೇಳಿದ್ದೊಂದು ವರ. ತಪ್ಪು ಹೇಳಿದವರು ಪ್ರಾಣಿಯಾಗಿ ಸೋರೆಬುರುಡೆ ಸೇರುತ್ತಾರೆ. ಮರುದಿನ ಹೊತ್ತು ಮುಳುಗುವುದರೊಳಗೆ ಬುರುಡೆ ತೆರೆಯದಿದ್ದರೆ ಪ್ರಾಣಿಯಾಗಿಯೇ ಉಳಿಯುತ್ತಾರೆ!”

ಡಂಗುರದವನು ಇದನ್ನು ಶುಭಸುದ್ದಿ ಸಾರುವ ದನಿಯಲ್ಲೇ ಸಾರಿದ.

ಆ ರಾಜ್ಯದಲ್ಲಿ ಕಾಡಿನ ವಿಚಿತ್ರ ಪ್ರಾಣಿಗಳನ್ನು ಒಣಗಿದ ಸೋರೆಬುರುಡೆಯಲ್ಲಿ ಹಿಡಿದು ಕೂಡಿಡುವುದೇ ಎಲ್ಲರ ಕಸುಬು. ಮನೆಯ ತೊಲೆಗೆ ಎಷ್ಟು ಬುರುಡೆ ತೂಗುತ್ತವೆ ಎಂದು ನೋಡಿಯೇ ಹೆಣ್ಣು ಕೊಡುತ್ತಿದ್ದರು. ಯಾವ ಪ್ರಾಣಿ ಎಲ್ಲಿದೆ, ಅಲ್ಲಿಗೆ ಯಾವ ದಾರಿ ಎಂದು ತೋರಿಸುವುದು ಕೈಯಲ್ಲಿ ಹಿಡಿಯುವ ದಾರಿಗನ್ನಡಿ. ಅದು ಬಂದ ಮೇಲೆ ಜನ ತಲೆಯೆತ್ತಿ ನಡೆಯುವುದನ್ನು ಬಿಟ್ಟು ಮರಗಳಿಗೆ ಡಿಕ್ಕಿ ಹೊಡೆಯತೊಡಗಿದ್ದರು. ಇದಕ್ಕೆ ಪ್ರಗತಿ ಎಂದು ಹೆಸರಿಡಲಾಗಿತ್ತು.

ಕನ್ನಡಿಯೊಳಗಿನ ದಾರಿಗಳು ತಾವಾಗಿ ಹುಟ್ಟುವುದಿಲ್ಲ. ನಡಿಗೆಯವರು ಎಂಬ ಆಳುಗಳು ಒಂದೊಂದು ದಾರಿಯನ್ನೂ ಬರಿಗಾಲಲ್ಲಿ ನಡೆದು, ಹೆಜ್ಜೆ ಎಣಿಸಿ, ಬಂದು ಹೇಳಿದ ಮೇಲೆ ಅದು ಕನ್ನಡಿಗೆ ಏರುತ್ತದೆ. ಹೊನ್ನೂರಿ ಅಂಥ ನಡಿಗೆಯವಳು. ಹೊಸ ಕನ್ನಡಿಯ ಆಸೆ ಅವಳಿಗಿರಲಿಲ್ಲ. ಆದರೆ ಅವಳ ಅಣ್ಣ ಕರಿಬಸ ಡಂಗುರ ಕೇಳಿ ಹಿಂದಿನ ದಿನವೇ ಅರಮನೆಗೆ ಹೋಗಿ, ಮೊದಲ ಒಗಟಿಗೇ ಎಡವಿ, ಹಸಿರು ಓತಿಯಾಗಿದ್ದ. ಅವನ ಪಾಲಿಗೆ ಉಳಿದದ್ದು ಇವತ್ತಿನ ಹೊತ್ತು ಮಾತ್ರ.

ಬಾಗಿಲ ಕಾವಲಿನವನು ಅವಳನ್ನು ತಡೆದ.

“ಏನಮ್ಮ, ನೀನೂನಾ? ಮನೇಲಿ ಹೇಳಿ ಬಂದಿದೀಯಾ?”

“ಮನೇಲಿ ಇರೋನು ಒಬ್ಬ. ಅವನು ಒಳಗೆ ತೂಗಾಡ್ತಿದಾನೆ.”

ಕಾವಲಿನವನು ದಾರಿ ಬಿಟ್ಟ.

ಒಳಗೆ ಅರಸ ಮೊದಲ ಒಗಟು ಹೇಳುತ್ತಿದ್ದ. “ಅದು ಕದಲುವುದಿಲ್ಲ, ಸದಾ ನಟ್ಟನಡುವೆ ಇರುತ್ತದೆ. ಅದರ ಸುತ್ತ ಬೆಟ್ಟ ಜರುಗುತ್ತದೆ, ಹೊಳೆ ಜರುಗುತ್ತದೆ. ಆದರೂ ದಣಿಯುವುದು ಅದೇ. ಏನದು?”

“ತಾವೇ, ಮಹಾಪ್ರಭು!” ಎಂದ ದಳವಾಯಿ.

ಅರಸನಿಗೆ ತುಂಬ ಸಂತೋಷವಾಯಿತು. ಆ ಸಂತೋಷದಲ್ಲೇ ಮಂತ್ರದ ನೀರು ಚಿಮುಕಿಸಿದ. ದಳವಾಯಿ ಆಮೆಯಾಗಿ ಬುರುಡೆ ಸೇರಿದ.

ಅವನ ಹಿಂದಿದ್ದ ರತ್ನದ ವ್ಯಾಪಾರಿ ಪದುಮಣ್ಣ, “ಮಂಟಪದ ಕಂಬ” ಎಂದ.

“ಕಂಬಕ್ಕೆ ದಣಿವೇ?”

“ಭಾರ ಹೊತ್ತಿದೆಯಲ್ಲ, ಪ್ರಭು.”

ಮಾತು ಮುಗಿಯುವಷ್ಟರಲ್ಲಿ ಅವನು ಮುಂಗುಸಿಯಾಗಿದ್ದ. ಸಾಲಿನಲ್ಲಿ ಉಳಿದವರಿಗೆಲ್ಲ ಇದ್ದಕ್ಕಿದ್ದಂತೆ ಮನೆಗೆಲಸ ನೆನಪಾಯಿತು. ಹೊನ್ನೂರಿಯ ಪಾಳಿ ಬಂತು.

“ಕನ್ನಡಿ ನಡುವಿನ ಕೆಂಪು ಚುಕ್ಕೆ, ಬುದ್ಧಿ. ಅದು ನಾವೇ. ನಾವು ನಡೆದರೆ ಕನ್ನಡೀಲಿ ಬೆಟ್ಟ ಜರುಗುತ್ತೆ, ಚುಕ್ಕೆ ಇದ್ದಲ್ಲೇ ಇರುತ್ತೆ. ಕಾಲು ನೋಯೋದು ಮಾತ್ರ ಚುಕ್ಕೆಗೆ.”

ಅರಸ ನೀರಿನ ಚೆಂಬನ್ನು ಕೆಳಗಿಟ್ಟ. ಎರಡನೆಯದು ಬಂತು. “ಎಲ್ಲರೂ ಒಮ್ಮೆಯಾದರೂ ಹೋಗಿರುವ ಜಾಗ. ಅಲ್ಲಿಗೆಂದೇ ಹೊರಟವರು ಯಾರೂ ಇಲ್ಲ. ತಲುಪಿದೆವೆಂದು ತಿಳಿಯುವುದು ತಲುಪಿ ಎಷ್ಟೋ ಹೊತ್ತಾದ ಮೇಲೆ. ಯಾವುದು?”

“ಸ್ಮಶಾನ” ಎಂದು ಮಂತ್ರಿ ಪಕ್ಕದವನ ಕಿವಿಯಲ್ಲಿ ಉಸುರಿದ. ಅಲ್ಲಿಗೆ ಹೋದ ಮೇಲೆ ಯಾರಿಗೆ ಏನು ತಿಳಿಯುತ್ತದೋ ಅವನೇ ಬಲ್ಲ.

“ದಾರಿ ತಪ್ಪಿ ನಿಂತ ಜಾಗ,” ಎಂದಳು ಹೊನ್ನೂರಿ. “ತಿರುವು ಎಲ್ಲೋ ಹಿಂದೆಯೇ ತಪ್ಪಿರುತ್ತೆ, ನಮಗೆ ಗೊತ್ತಾಗೋದು ಆಮೇಲೆ. ಹೋದ ವರ್ಷ ನಾನು ಎರಡು ದಿನ ಅಲ್ಲೇ ಇದ್ದೆ, ಬುದ್ಧಿ.”

ಬಿಸಿಲು ಆಗಲೇ ಹೊಸ್ತಿಲಿನಿಂದ ಹಿಂದೆ ಸರಿಯುತ್ತಿತ್ತು. ಅರಸ ಹೊಸ ಕನ್ನಡಿಯನ್ನು ಅವಳ ಮುಂದೆ ಹಿಡಿದ. ಕಾಡು, ಹೊಳೆ, ಊರು ಎಲ್ಲ ತುಂಬಿದ್ದ ಅದರ ಈಶಾನ್ಯ ಮೂಲೆಯಲ್ಲಿ ಒಂದು ಜಾಗ ಮಾತ್ರ ಬೆಳ್ಳಗಿತ್ತು.

“ಇಲ್ಲಿ ಈ ಗಳಿಗೆಯಲ್ಲಿ ಸುಳ್ಳಲ್ಲದ ಒಂದೇ ಒಂದು ಮಾತು ಬರೆಯಬಹುದು. ಏನದು?”

“ಚಿನ್ನದ ಸರೋವರ ಅನ್ನು,” ಎಂದು ಯಾರೋ ಪಿಸುಗುಟ್ಟಿದರು. “ಏಳು ಬಾಲದ ನರಿ,” ಎಂದರು ಇನ್ಯಾರೋ. ಅಲ್ಲಿ ಏನಿದೆಯೆಂದು ಆಸ್ಥಾನದಲ್ಲಿ ಎಲ್ಲರಿಗೂ ಗೊತ್ತಿತ್ತು.

ಸರೋವರವೆಂದರೆ ಅರಸನಿಗೆ ಖುಷಿಯಾದೀತು ಎಂದು ಹೊನ್ನೂರಿಗೂ ಅನಿಸಿತು. ತಲೆಯ ಮೇಲಿನ ಬುರುಡೆಯೊಂದರಲ್ಲಿ ಏನೋ ಕೆರೆಯುವ ಸದ್ದು ಕೇಳುತ್ತಿತ್ತು. ಆದರೆ ಹನ್ನೆರಡು ವರ್ಷ ನಡೆದು ಕಂಡದ್ದನ್ನಷ್ಟೇ ಹೇಳಿ ಅಭ್ಯಾಸವಾದ ಬಾಯಿ ಅವಳನ್ನು ಕೇಳದೆ ತೆರೆದುಕೊಂಡಿತು.

“ನಡೆದಿಲ್ಲ.”

“ಹಾಗೆಂದರೆ?”

“ಅಲ್ಲಿ ಯಾರೂ ನಡೆದಿಲ್ಲ ಅಂತ ಬರೀಬೇಕು, ಬುದ್ಧಿ. ಕಾಲಿಡದ ಜಾಗಕ್ಕೆ ನಮ್ಮವರು ಹೇಳೋದು ಅದೊಂದೇ ಮಾತು. ಒಂದು ಸಲ ನಮ್ಮವನೊಬ್ಬ ಯಾರೋ ಅಂದಿದ್ದು ಕೇಳಿ, ಹಳ್ಳದ ಮೇಲೆ ಸೇತುವೆ ಇದೆ ಅಂದುಬಿಟ್ಟ. ಕನ್ನಡಿ ನೋಡ್ಕೊಂಡು ಮೂರು ಜನ ಅದರ ಮೇಲೆ ನಡೆದರು. ಈಜು ಬರ್ತಿತ್ತು, ಬದುಕಿದ್ರು.”

ಅರಸ ಕನ್ನಡಿಯನ್ನು ಅವಳ ಕೈಗಿಟ್ಟ.

“ಈ ಜಾಗದ ಬಗ್ಗೆ ನನಗೆ ಹನ್ನೊಂದು ವರದಿ ಬಂದಿವೆ. ಹನ್ನೊಂದೂ ಬೇರೆ ಬೇರೆ, ಎಲ್ಲವೂ ಕಣ್ಣಾರೆ ಕಂಡದ್ದು. ಇಲ್ಲಿಗೆ ಹೋಗಿಲ್ಲ ಎನ್ನುವ ಒಬ್ಬರು ನನಗೆ ಬೇಕಿತ್ತು. ಇನ್ನು ಮುಂದೆ ನಡಿಗೆಯವರಿಗೆಲ್ಲ ನೀನೇ ಹಿರಿಯಳು. ವರ ಏನು ಬೇಕು?”

“ಬುರುಡೆ ತೆರೆಸಿ.”

“ನಿನ್ನ ಅಣ್ಣನದೇ?”

“ಎಲ್ಲಾನೂ, ಬುದ್ಧಿ.”

ಆಳುಗಳು ಓಡಿದರು. ಪದುಮಣ್ಣ ಹೊರಬಂದವನೇ ಕಂಬದ ವಾದವನ್ನು ಮುಂದುವರಿಸಿದ. ದಳವಾಯಿ ಒಂದು ವಾರ ನಿಧಾನವಾಗಿ ನಡೆದನಂತೆ. ಕೊನೆಯ ಬುರುಡೆಯಿಂದ ಕರಿಬಸ ಧೊಪ್ಪನೆ ನೆಲಕ್ಕೆ ಬಿದ್ದಾಗ ಹೊರಗೆ ಸೂರ್ಯನ ಅಂಚು ಇನ್ನೂ ಕಾಣುತ್ತಿತ್ತು. ಹೊನ್ನೂರಿ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ಮೊದಲನೇದಕ್ಕೆ ನೀನು ಏನಂದೆ?”

“ಗಿಣಿ.”

“ಗಿಣಿ ಯಾಕಣ್ಣ?”

“ಏನಾದರೂ ಅನ್ನಬೇಕಲ್ಲ!”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಮನೆಯ ದಾರಿಯುದ್ದಕ್ಕೂ ಕರಿಬಸ ಮಾತಾಡುತ್ತಲೇ ಇದ್ದ: ಬುರುಡೆಯೊಳಗೆ ಎಷ್ಟು ಸೆಖೆ, ಓತಿಗೆ ನೊಣ ಎಷ್ಟು ರುಚಿ, ಮೂರನೆಯದಕ್ಕೆ ತಾನಾಗಿದ್ದರೆ ಏನೆನ್ನುತ್ತಿದ್ದೆ. ಬೇರೆ ದಿನವಾಗಿದ್ದರೆ ಹೊನ್ನೂರಿ ಹತ್ತು ಹೆಜ್ಜೆಗೊಮ್ಮೆ ಬಾಯಿ ಮುಚ್ಚು ಎನ್ನುತ್ತಿದ್ದಳು. ಅವತ್ತು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ಊರು ಕಾಣುವವರೆಗೆ ತಡೆದಳು. ಆಮೇಲೆ “ಬಾಯಿ ಮುಚ್ಚಣ್ಣ,” ಅಂದಳು.