ಕುರಿಗೆ ಸಿಕ್ಕ ಮೆರಿಟ್ ಸ್ಕಾಲರ್‌ಶಿಪ್

ಬೆಟ್ಟದ ವಿಶ್ವವಿದ್ಯಾಲಯದಿಂದ ಪತ್ರ ಬಂದ ದಿನ, ಕುರಿಯಾದ ನಾನು ಇಡೀ ಹಿಂಡಿಗೆ ಕೇಳುವಂತೆ ಓದಿದೆ: "ಮೆರಿಟ್ ಸ್ಕಾಲರ್‌ಶಿಪ್! ಬೋಧನಾ ಶುಲ್ಕ ಪೂರ್ತಿ ಮನ್ನಾ!"

"ಎರಡನೆಯ ಪುಟವನ್ನೂ ಓದು ತಂಗಿ," ಎಂದಳು ಮೇಕೆಯಕ್ಕ. "ಹಾಸ್ಟೆಲ್ಲಿಗೆ ಬೆನ್ನಿನ ಉಣ್ಣೆ, ಮೆಸ್ಸಿಗೆ ಹೊಟ್ಟೆಯ ಉಣ್ಣೆ, ಪರೀಕ್ಷೆಗೆ ಕತ್ತಿನ ಉಣ್ಣೆ ಕೊಡಬೇಕಂತೆ. ತೊಂಬತ್ತಕ್ಕೆ ಒಂದು ಅಂಕ ಕಡಿಮೆಯಾದರೂ ಮನ್ನಾ ರದ್ದಂತೆ."

"ಮೆರಿಟ್ ಇಲ್ಲದವರಿಗೆ ಹೊಟ್ಟೆಕಿಚ್ಚು ಸಹಜ," ಎಂದು ಎರಡನೆಯ ಪುಟವನ್ನು ತಿಂದುಬಿಟ್ಟೆ.

ವರ್ಷದ ಕೊನೆಗೆ ವೇದಿಕೆಯ ಮೇಲೆ ನನಗೆ ಪದಕ ಕೊಟ್ಟರು. ಕುಲಪತಿಗಳು ಪಿನ್ನು ಹಿಡಿದು ನನ್ನ ಮೈಯೆಲ್ಲ ಹುಡುಕಿದರು. ಚುಚ್ಚಲು ಒಂದೆಳೆ ಉಣ್ಣೆಯೂ ಇರಲಿಲ್ಲ. ಪದಕವನ್ನು ಬಾಯಲ್ಲಿ ಕಚ್ಚಿಕೊಂಡೇ ಊರಿಗೆ ಬಂದೆ.

"ಚಳಿಯೇನೇ?" ಎಂದಳು ಮೇಕೆಯಕ್ಕ.

ಬಾಯಿ ತೆರೆಯದಿರಲು ಪದಕ ಒಳ್ಳೆಯ ನೆಪವಾಯಿತು.