ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು

ಪೂಜ್ಯ ಆರೋಗ್ಯಸ್ವಾಮಿಗಳು ತಮ್ಮ ಕೊನೆಯ ಹನ್ನೆರಡು ವರ್ಷಗಳನ್ನು ಕಳೆದದ್ದು ಮುತ್ತುಗದೊಡ್ಡಿಯ ಸಣ್ಣ ಕ್ರೈಸ್ತ ದೇವಾಲಯದ ಮಗ್ಗುಲಲ್ಲಿದ್ದ ಮಣ್ಣುಗೋಡೆಯ ಕೋಣೆಯಲ್ಲಿ. ಒಂದು ಚಾಪೆ, ಒಂದು ಶಿಲುಬೆ, ಎರಡು ಮಡಕೆ. ಅವರ ಐಶ್ವರ್ಯವೆಲ್ಲ ಅಷ್ಟೇ. ಮುದ್ದೆಯನ್ನು ತಾವೇ ತೊಳಸಿಕೊಳ್ಳುತ್ತಿದ್ದರು. ಅದು ಗಂಟುಗಂಟಾದ ದಿನ ತಮಗೆ ತಾವೇ ನಕ್ಕು ಉಣ್ಣುತ್ತಿದ್ದರು. ಅವರು ಉದ್ದುದ್ದ ಪ್ರಸಂಗ ಮಾಡಿದ್ದನ್ನು ಕೇಳಿದವರು ಯಾರೂ ಇಲ್ಲ. ಆದರೂ ಸುತ್ತಲ ಹಳ್ಳಿಯವರು, ಯಾವ ಮತದವರೇ ಆಗಲಿ, ಮನಸ್ಸು ಕೆಟ್ಟಾಗ ಆ ಕೋಣೆಯ ಬಾಗಿಲಿಗೆ ಬರುತ್ತಿದ್ದರು.

ಅವರೆಕಾಯಿ ಕಾಲದ ಒಂದು ಸಂಜೆ ಹಾಗೆ ಬಂದವನು ರೇಷ್ಮೆ ಸಾಕುವ ಚೌರಪ್ಪ.

ಚೌರಪ್ಪನ ಸಂಕಟ ಅವನ ಗೆಳೆಯ ಕೆಂಚೇಗೌಡನನ್ನು ಕುರಿತದ್ದು. ಇಬ್ಬರ ಹಿಪ್ಪುನೇರಳೆ ತೋಟಗಳಿಗೂ ನಡುವೆ ಒಂದೇ ಬದು. ಒಬ್ಬನ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಇನ್ನೊಬ್ಬ ಕರೆಯದೆಯೇ ಓಡಿ ಬರುತ್ತಿದ್ದ. ನಲವತ್ತು ವರ್ಷ ನಡೆದ ಈ ಕೊಡುಕೊಳ್ಳುವಿಕೆ ಎಂಟು ತಿಂಗಳ ಕೆಳಗೆ ನಿಂತುಹೋಗಿತ್ತು. ನಿಲ್ಲಿಸಿದವನು ಚೌರಪ್ಪನೇ, ಅದೂ ಪ್ರೀತಿಯಿಂದ!

ಪಟ್ಟಣದ ಧ್ಯಾನಕೂಟವೊಂದಕ್ಕೆ ಹೋಗಿದ್ದಾಗ, ಪ್ರತಿಯೊಬ್ಬ ವಿಶ್ವಾಸಿಯೂ ಕ್ರಿಸ್ತನಿಗೆ ಸಾಕ್ಷಿಯಾಗಬೇಕು ಎಂಬ ಮಾತು ಅವನ ಎದೆಗೆ ನಾಟಿತ್ತು. ತನಗೆ ಸಿಕ್ಕ ಸಮಾಧಾನ ತನ್ನ ಕೆಂಚನಿಗೂ ಸಿಗಬೇಡವೇ ಎಂದು ಅವನ ಜೀವ ತಹತಹಿಸುತ್ತಿತ್ತು. ಅದೇ ತಿಂಗಳು ಕೆಂಚೇಗೌಡನ ಹೆಂಡತಿ ತಾಯಮ್ಮ ತೀರಿಕೊಂಡಳು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಹಾಗಾಯಿತು. ಹನ್ನೊಂದನೆಯ ದಿನದ ತಿಥಿಗೆ ಹೋದ ಚೌರಪ್ಪ, ಎಡೆಯ ಮುಂದೆ ಕೂತಿದ್ದ ಗೆಳೆಯನ ಪಕ್ಕದಲ್ಲಿ ಶುಭಸಂದೇಶದ ಪುಸ್ತಕ ಬಿಚ್ಚಿ, ಅಳಬೇಡವೆಂದೂ ಸತ್ತವರು ಎದ್ದು ಬರುತ್ತಾರೆಂದೂ ಅರ್ಧ ಗಳಿಗೆ ಹೇಳಿದ. ಕೆಂಚೇಗೌಡ ಎದ್ದು ಹುಳುಮನೆಗೆ ಹೋಗಿ ಕದ ಹಾಕಿಕೊಂಡ. ಆ ಕದ ಚೌರಪ್ಪನಿಗೆ ಮತ್ತೆ ತೆರೆಯಲಿಲ್ಲ.

"ಸ್ತೋತ್ರ, ಸ್ವಾಮಿ," ಎಂದು ಕೈಮುಗಿದು ಚೌರಪ್ಪ ಇದನ್ನೆಲ್ಲ ಹೇಳಿಕೊಂಡ. "ನಾನಾಡಿದ್ದು ಸುಳ್ಳಲ್ಲ. ಆದ್ರೂ ಅವ್ನು ನನ್ನ ಮಕ ನೋಡಲ್ಲ. ಬದೂನ ಆ ಕಡೆ ಅವ್ನು ಸೊಪ್ಪು ಕುಯ್ತಾ ಇದ್ರೆ ನನ್ನ ಕೈಯೇ ಓಡಕ್ಕಿಲ್ಲ. ಇನ್ಯಾವ ಮಾತು ಹೇಳಿದ್ರೆ ಅವನ ಮನಸ್ಸಿಗೆ ಹತ್ತುತ್ತೆ, ನೀವೇ ಹೇಳ್ಕೊಡಿ."

ಸ್ವಾಮಿಗಳು ಅವರೆಕಾಯಿ ಸುಲಿಯುತ್ತಿದ್ದರು. ಒಂದು ಹಿಡಿಯಷ್ಟು ಕಾಯನ್ನು ಅವನ ಮುಂದಕ್ಕೂ ಸರಿಸಿದರು. "ಕೆಂಚೇಗೌಡನ ಹುಳು ಈಗ ಎಷ್ಟನೇ ಜ್ವರದಲ್ಲಿದೆಯಪ್ಪ?" ಎಂದು ಕೇಳಿದರು.

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಕದಲದೆ ಕೂತು ಪೊರೆ ಕಳಚುತ್ತದೆ. ಅದನ್ನು ಆ ಸೀಮೆಯ ರೈತರು ಜ್ವರ ಎನ್ನುತ್ತಾರೆ. ಒಂದು ಕಾಲಕ್ಕೆ ಗೆಳೆಯನ ಹುಳುವಿನ ಜ್ವರವನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನಾಗಿದ್ದ ಚೌರಪ್ಪ ತಲೆ ತಗ್ಗಿಸಿದ.

"ಗೊತ್ತಿಲ್ಲ, ಸ್ವಾಮಿ."

"ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕ್ತೀಯಾ?"

"ಉಂಟಾ, ಸ್ವಾಮಿ! ಬಾಯೇ ತೆಗೆಯಲ್ಲ. ಸೊಪ್ಪು ಕೊಳೆತು ಹುಳಾನೇ ಹೋಗ್ತವೆ."

"ಸೊಪ್ಪು ಒಳ್ಳೇದಾಗಿದ್ರೂ?"

ಚೌರಪ್ಪನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಎಡೆಯ ಮುಂದೆ ತಲೆಯೆತ್ತಿ ಕದಲದೆ ಕೂತಿದ್ದ ಗೆಳೆಯನ ಮುಖ ಅವನ ಕಣ್ಣಿಗೆ ಕಟ್ಟಿತು. ಅವನು ಮಕ್ಕಳಂತೆ ಬಿಕ್ಕಿ ಅತ್ತ. ಸ್ವಾಮಿಗಳು ತಡೆಯಲಿಲ್ಲ. ಅಳು ನಿಂತ ಮೇಲೆ, "ಜ್ವರ ಬಿಡುವ ತನಕ ಏನು ಮಾಡ್ತೀಯ?" ಎಂದರು.

"ಗದ್ದಲ ಮಾಡ್ದೆ, ಗಾಳಿ ಬೆಚ್ಚಗೆ ನೋಡ್ಕೊಂಡು, ಹತ್ರನೇ ಇರ್ತೀನಿ."

"ಹೋಗಿ ಅಷ್ಟು ಮಾಡು."

ಹತ್ತು ದಿನ ಕಳೆಯಿತು. ಕೆಂಚೇಗೌಡನ ಹುಳು ಹಣ್ಣಾಯಿತು. ಅಂದೇ ಎತ್ತಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ಬೆಳೆಯೇ ಹಾಳು. ಅವನು ಒಬ್ಬನೇ ಒಳಗೂ ಹೊರಗೂ ಓಡಾಡುವುದು ಬೇಲಿಯಾಚೆಗೆ ಕಾಣುತ್ತಿತ್ತು. ಕರೆಯದೆ ಬೇರೆಯವರ ಹುಳುಮನೆಗೆ ಕಾಲಿಡುವುದು ಆ ಸೀಮೆಯಲ್ಲಿ ಸಲ್ಲ; ಹುಳುವಿಗೆ ಕಣ್ಣು ತಾಗುತ್ತದೆ. ಈಗ ತಾನೂ ಬೇರೆಯವನೇ ಎಂದುಕೊಂಡು ಚೌರಪ್ಪ ಅಂಗಳಕ್ಕೆ ಮಾತ್ರ ಹೋದ. ಪುಸ್ತಕ ಒಯ್ಯಲಿಲ್ಲ, ಮಾತನ್ನೂ ಒಯ್ಯಲಿಲ್ಲ. ಗೋಡೆಗೆ ಒರಗಿಸಿದ್ದ ಹಳೆಯ ಚಂದ್ರಿಕೆಗಳನ್ನು ಒಂದೊಂದಾಗಿ ಕೊಡವಿ, ಕಿತ್ತ ಕಡೆ ಬಿಗಿದು, ನೆರಳಲ್ಲಿ ಸಾಲಾಗಿ ಇಟ್ಟ.

ಹಣ್ಣುಹುಳುವಿನ ತಟ್ಟೆ ಹಿಡಿದು ಹೊರಬಂದ ಕೆಂಚೇಗೌಡ ನಿಂತು ನೋಡಿದ. ತಟ್ಟೆಯನ್ನು ಚಂದ್ರಿಕೆಗಳ ಪಕ್ಕ ಇಳಿಸಿ ಹೇಳಿದ.

"ಕೈಕಾಲು ತೊಳ್ಕೊಂಡು ಒಳೀಕೆ ಬಾ. ಹುಳ ಕಾಯಕ್ಕಿಲ್ಲ."

ಚೌರಪ್ಪ ಹೋದ. ಅಂದಿನಿಂದ ಮುಂದಿನ ಬೆಳೆಗೂ ಹೋದ, ಅದರ ಮುಂದಿನದಕ್ಕೂ ಹೋದ. ಗೆಳೆಯನೊಡನೆ ಸೊಪ್ಪಿನ ಮಾತು, ದನದ ಮಾತು, ಒಮ್ಮೊಮ್ಮೆ ತಾಯಮ್ಮ ಮಾಡುತ್ತಿದ್ದ ಹುರುಳಿಸಾರಿನ ಮಾತು ಆಡಿದ. ತನ್ನ ಹಂಬಲವನ್ನು ಮಾತ್ರ ರಾತ್ರಿಯ ಜಪಸರಕ್ಕೆ ಇಟ್ಟುಕೊಂಡ. ಅದು ಕಡಿಮೆಯಾಗಲಿಲ್ಲ, ಹೇಳದೆ ಉಳಿದಷ್ಟೂ ಹೆಚ್ಚಿತು.

ತಾಯಮ್ಮ ಹೋಗಿ ಹನ್ನೊಂದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬದುವಿನ ಮೇಲೆ ಸೊಪ್ಪಿನ ಹೊರೆ ಇಳಿಸಿ ಕೆಂಚೇಗೌಡ ಕೂತ.

"ಚೌರ, ತಿಥಿ ದಿನ ಏನೋ ಹೇಳಕ್ಕೆ ಬಂದಿದ್ದಲ್ಲ. ಈಗ ಹೇಳ್ಲಾ."

ಅಷ್ಟು ತಿಂಗಳು ಮನಸ್ಸಿನಲ್ಲೇ ಜೋಡಿಸಿಟ್ಟ ಮಾತೆಲ್ಲ ಆ ಕ್ಷಣಕ್ಕೆ ಎತ್ತಲೋ ಹೋಯಿತು. ಚೌರಪ್ಪ ಉಳಿದದ್ದನ್ನಷ್ಟೇ ಹೇಳಿದ. "ನಾನು ನೋಡಿ ಬಂದೋನಲ್ಲ ಕಣ್ಲಾ, ಕೆಂಚ. ನಮ್ಮವ್ವನ್ನ ಮಣ್ಣಿಗಿಟ್ಟ ದಿನದಿಂದ ಅವಳನ್ನ ಇನ್ನೊಂದ್ಸಲ ನೋಡ್ಬೇಕು ಅಂತ ಆಸೆ. ಆ ಆಸೆ ಸುಳ್ಳಾಗಕ್ಕಿಲ್ಲ ಅಂತ ಯೇಸುಸ್ವಾಮಿ ಮಾತು ಕೊಟ್ಟವ್ರೆ. ಅದನ್ನೇ ನೆಚ್ಕೊಂಡು ಬದುಕಿವ್ನಿ."

ಕೆಂಚೇಗೌಡ ಸೊಪ್ಪಿನ ಎಲೆಯೊಂದನ್ನು ಸವರುತ್ತ ಕೂತಿದ್ದ. "ಹಂಗಾದ್ರೆ ನಿಮ್ಮ ಸ್ವಾಮಿ ಹತ್ರ ನಮ್ಮ ತಾಯಮ್ಮನ ಹೆಸರೂ ಒಂದ್ಸಲ ಹೇಳು," ಎಂದ.

"ದಿನಾ ಹೇಳ್ತಾ ಇವ್ನಿ ಕಣ್ಲಾ. ಹನ್ನೊಂದು ತಿಂಗಳಿಂದ."

ಕೆಂಚೇಗೌಡನ ಕಣ್ಣಿನಿಂದ, ಹೆಂಡತಿ ಹೋದಂದಿನಿಂದ ಬಾರದ ನೀರು ಬಂತು. ಗೆಳೆಯನ ಹೆಗಲಿಗೆ ತಲೆಯಿಟ್ಟು ಅತ್ತ. ಅಳಬೇಡವೆಂದು ಚೌರಪ್ಪ ಈ ಸಲ ಹೇಳಲಿಲ್ಲ.

ಕೆಂಚೇಗೌಡ ಮುಂದೆ ದೇವಾಲಯಕ್ಕೆ ಬಂದನೇ ಎಂದು ಭಕ್ತರು ಕೇಳುವುದುಂಟು. ಸ್ವಾಮಿಗಳು ಅದನ್ನು ಕೇಳಲೇ ಇಲ್ಲ. ಆ ಸಂಜೆ ಚೌರಪ್ಪ ಏದುಸಿರು ಬಿಡುತ್ತ ಬಂದು ಎಲ್ಲ ಹೇಳಿ ಮುಗಿಸಿದಾಗ, ಮಹಾತ್ಮರು ಮತ್ತೆ ಹಿಂದಿನದೇ ಪ್ರಶ್ನೆ ಹಾಕಿದರು.

"ಅವನ ಹುಳು ಎಷ್ಟನೇ ಜ್ವರದಲ್ಲಿದೆಯಪ್ಪ?"

"ಮೂರನೇದು, ಸ್ವಾಮಿ," ಎಂದ ಚೌರಪ್ಪ, ತಡವರಿಸದೆ. "ನಾಳೆ ಬೆಳಿಗ್ಗೆ ಏಳ್ತವೆ."