ಶಾಲೆ ಬೇಲಿಯ ಬಿಳಿ ಪಂಚೆ

ಇನ್ನೂ ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ. ಅಧ್ಯಕ್ಷರ ಕಿವಿಗೆ ಮಾತ್ರ ಬೀಳಬಾರದು, ಆಣೆ ಮಾಡಿ.

ನಮ್ಮೂರ ಗುಡ್ಡದಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಪಂಚಾಯಿತಿ ಅಧ್ಯಕ್ಷ ಓಂಕಾರಗೌಡರಿಗೆ ಲಾರಿಗಳು ಬಂದವು, ಶಾಲೆಗೆ ದೂಳು ಬಂತು. ಲಾರಿಗಳ ಗದ್ದಲದಲ್ಲಿ ಮೇಷ್ಟ್ರ ಪಾಠ ಮುಂದೆ ಕೂತ ಮಕ್ಕಳಿಗೂ ಕೇಳದು. ದೂರು ಹೇಳಿದ್ದಕ್ಕೆ ಗೌಡರು, "ಹಂಗಾದ್ರೆ ಶಾಲೆನೇ ಮುಚ್ಚಿಸ್ತೀನಿ. ಮಕ್ಕಳು ಅದಿರು ಆರಿಸಲಿ, ಊರು ಉದ್ಧಾರ ಆಗ್ತದೆ" ಅಂದರು. ಮೇಷ್ಟ್ರು ತಲೆ ತಗ್ಗಿಸಿಕೊಂಡು ಬಂದರು.

ಬಿಸಿಯೂಟದ ಅಡುಗೆಯವಳು ಮಾತ್ರ ಮರುದಿನ ಒಂದು ಬಿಳಿ ಪಂಚೆ ಒಗೆದು, ಹಿಂಡದೆ, ರಸ್ತೆ ಪಕ್ಕದ ಶಾಲೆ ಬೇಲಿಗೆ ಹರವಿದಳು. ಮಧ್ಯಾಹ್ನದೊಳಗೆ ದೂಳು ಮೆತ್ತಿ ಅದು ಕೆಂಪಗಾಯಿತು. ಗಣಿಯಲ್ಲಿ ಬಂಡೆ ಸಿಡಿಸುವಾಗ ಕೆಂಪು ಬಟ್ಟೆ ಕಟ್ಟುತ್ತಾರೆ. ಅದನ್ನು ಕಂಡರೆ ಯಾವ ಡ್ರೈವರೂ ಮುಂದೆ ಹೋಗುವುದಿಲ್ಲ. ಲಾರಿಗಳು ಕೆರೆ ಏರಿಯವರೆಗೂ ಸಾಲಾಗಿ ನಿಂತವು. ಮಕ್ಕಳು ಮಗ್ಗಿ ಹೇಳುವುದು ನನ್ನ ಜಗಲಿಗೂ ಕೇಳಿಸಿತು!

ಗೌಡರು ಬುಸುಗುಡುತ್ತ ಬಂದರು. "ಕೆಂಪು ಬಾವುಟ ಕಟ್ಟಿದೋಳು ಯಾರೇ?"

"ಬಾವುಟ ಎಲ್ಲಿ ಬಂತು ಗೌಡ್ರೇ? ನಾನು ಒಣಹಾಕಿದ್ದು ಬಿಳಿ ಪಂಚೆ. ಬಣ್ಣ ಹಾಕಿದ್ದು ನಿಮ್ಮ ಲಾರಿಗಳು. ನಾಳೆ ಮತ್ತೆ ಒಗೀತೀನಿ ಬಿಡಿ."

ಡ್ರೈವರುಗಳು ಹೊಟ್ಟೆ ಹಿಡಿದು ನಕ್ಕರು, ಕೆಂಪು ಬಟ್ಟೆ ಇರುವವರೆಗೆ ಗಾಡಿ ಎತ್ತುವುದಿಲ್ಲ ಅಂದರು. ಬಟ್ಟೆ ಒಣಹಾಕಬೇಡ ಅನ್ನಲು ಯಾವ ಕಾನೂನು ಇದೆ? ಗೌಡರು ಹಲ್ಲು ಕಡಿದು, ಶಾಲೆ ಬಿಟ್ಟ ಮೇಲೆ ಲಾರಿ ಓಡಿಸಿ ಅಂದರು.

ನಾನು ಸುಮ್ಮನಿರಲಾರದೆ ಪಕ್ಕದ ಮನೆಗೆ ಓಡಿದೆ. ಅದು ಗೌಡರದೇ ಮನೆ, ಆಗ ಇದ್ದವಳು ಅವರ ಹೆಂಡತಿ ಗುರುಬಸಮ್ಮ. ಅವಳು ಸೊಪ್ಪು ಸೋಸುತ್ತಲೇ ನನಗೆ ಹೇಳಿದಳು:

"ಆ ಪಂಚೆ ನಮ್ಮ ಯಜಮಾನ್ರದೇ ಅಜ್ಜಿ. ನಾನೇ ಕೊಟ್ಟೆ. ನನ್ನ ಮಗಳೂ ಅದೇ ಶಾಲೇಲಿ ಓದ್ತಾಳಲ್ಲ."